ಕಾಲಂ ಹದಿನಾಲ್ಕು

ಅರ್ಜಿ ಮೂರು ಪ್ರತಿ, ನೀಲಿ ಶಾಯಿ ಮಾತ್ರ.
ನುಗ್ಗೇಹಳ್ಳಿಯ ಝೆರಾಕ್ಸ್ ಅಂಗಡಿಯವನು
ಕೊನೆಯ ಹಾಳೆ ಓರೆಯಾಗಿ ತೆಗೆದಿದ್ದ.
ನಮ್ಮೂರು ಕಗ್ಗಲ್ಲಹಟ್ಟಿ
ಅರ್ಧ ಕಾಗದದಲ್ಲಿ, ಅರ್ಧ ಅಂಚಿನಾಚೆ.

ನಾನು ದೀಪದ ಮನೆ ಸವರಿಯಪ್ಪನ ಮಗಳು.
ದೀಪದ ಮನೆ ಅಂದರೆ ಗುಡಿಯಲ್ಲ,
ಪಾಳಿಗೆ ಇಳಿಯುವವರು ಹಿತ್ತಾಳೆ ಬಿಲ್ಲೆ ಕೊಟ್ಟು
ಟೋಪಿಯ ದೀಪ ಪಡೆಯುತ್ತಿದ್ದ ಕೋಣೆ.
ಮೇಲೆ ಬಂದವನು ದೀಪ ಕೊಟ್ಟು ಬಿಲ್ಲೆ ಒಯ್ಯುತ್ತಾನೆ.
ಕೊಕ್ಕೆಯಲ್ಲಿ ಬಿಲ್ಲೆ ಉಳಿದಿದ್ದರೆ
ಒಬ್ಬ ಇನ್ನೂ ಕೆಳಗಿದ್ದಾನೆ.
ಅಪ್ಪನಿಗೆ ಬರುತ್ತಿದ್ದ ಲೆಕ್ಕ ಅದೊಂದೇ,
ನನಗೆ ಕಲಿಸಿದ್ದೂ ಅದನ್ನೇ.

ಕಾಲಂ ಒಂಬತ್ತು: ಫಲಾನುಭವಿಗಳ ಸಂಖ್ಯೆ.
ಗೋಡೆಯಲ್ಲಿ ಅರವತ್ತೆರಡು ಕೊಕ್ಕೆ. ಅರವತ್ತೆರಡು ಎಂದು ಬರೆದೆ.
ಗಣಿ ಮುಚ್ಚಿ ಹತ್ತೊಂಬತ್ತು ವರ್ಷ ಆಯ್ತಲ್ಲಮ್ಮ,
ಎಂದರು ಪಟ್ಟಣದ ಗುಮಾಸ್ತರು,
ಬದುಕಿರೋರು ಎಷ್ಟು ಜನ?
ಇಪ್ಪತ್ತೇಳು. ಕೆಮ್ಮುವವರನ್ನು ಬಿಟ್ಟರೆ ಹದಿನೆಂಟು.
ಹದಿನೆಂಟಕ್ಕೆ ಯೋಜನೆ ಕೂರಲ್ಲ, ಇಪ್ಪತ್ತೈದಾದರೂ ಬೇಕು.
ಕೆಮ್ಮುವವರನ್ನೂ ಸೇರಿಸಿದೆ.

ಕಾಲಂ ಹನ್ನೊಂದು: ಆದ ನಷ್ಟ, ಸಂಕ್ಷಿಪ್ತವಾಗಿ.
ಎರಡು ಗೆರೆ ಜಾಗ.
ಕೆಲಸ. ಕ್ಯಾಂಟೀನು. ಮೂರನೇ ಪಾಳಿಯ ಸೈರನ್ನು.
ಸೈರನ್ನು ನಿಂತ ಮೇಲೆ ಹಸುಗಳಿಗೆ ಹೊತ್ತೇ ತಿಳಿಯುತ್ತಿಲ್ಲ ಎಂದು
ಕಾಳಿಂಗಮ್ಮ ಹೇಳಿದ್ದನ್ನು ಬರೆಯಲು ಗೆರೆ ಸಾಲಲಿಲ್ಲ.
ಗುಂಡಿಯ ನೀರಿಗೆ ನಿಂಬೆಹಣ್ಣಿನ ಬಣ್ಣ,
ಎಮ್ಮೆ ಮೂಸಿ ಹಿಂದಿರುಗುತ್ತದೆ.
ಅದಕ್ಕೆ ಪ್ರಯೋಗಾಲಯದ ವರದಿ ಲಗತ್ತಿಸಬೇಕಂತೆ,
ಎಮ್ಮೆಯ ಸಾಕ್ಷಿ ನಡೆಯುವುದಿಲ್ಲ.

ಕಾಲಂ ಹದಿನಾಲ್ಕಕ್ಕೆ ಕೈ ನಿಂತಿತು:
ಸ್ಥಳೀಯವಾಗಿ ಲಭ್ಯವಿರುವ ಸಂಪನ್ಮೂಲಗಳು.
ಅದಿರು ಲಾರಿ ಹತ್ತಿತು, ಆಮೇಲೆ ಹಡಗು.
ತೆಂಗಿಗೆ ನುಸಿ.
ಕಪ್ಪು ರಾಶಿಯ ಬದಿಯ ಹೊಲದಲ್ಲಿ ರಾಗಿ
ಮೊಳೆತಾಗಲೇ ಹಳದಿ.
ಡ್ರಿಲ್ಲು ಹಿಡಿದು ಎಡಗಿವಿ ಕಳಕೊಂಡ ಬೋರಲಿಂಗಣ್ಣ
ಬಲಗಿವಿ ನನ್ನತ್ತ ತಿರುಗಿಸಿ ಪ್ರಶ್ನೆ ಕೇಳಿಸಿಕೊಂಡ.
‘ನಮ್ತಾವ ಏನೈತವ್ವಾ? ಕತ್ಲು ಐತೆ.
ನಾನೂರು ಅಡಿ ಕತ್ಲು. ಬರ್ಕೊ.’

ನಕ್ಕೆವು. ಆಮೇಲೆ ಬರೆದೇಬಿಟ್ಟೆ:
ಕತ್ತಲು. ಕತ್ತಲಲ್ಲಿ ಎಂಟು ತಾಸು
ಕೈ ತಪ್ಪದೆ ದುಡಿಯಬಲ್ಲ ಜನ.
ಭತ್ತದ ಹುಲ್ಲು, ಹೇಮಾವತಿ ನಾಲೆಯ ಕೆಳಗೆ, ಬೇಕಾದಷ್ಟು.

ಆರು ತಿಂಗಳಿಗೆ ಉತ್ತರ ಬಂತು.
‘ಕತ್ತಲನ್ನು ಸಂಪನ್ಮೂಲವೆಂದು ಪರಿಗಣಿಸಲು
ನಿಯಮಗಳಲ್ಲಿ ಅವಕಾಶವಿರುವುದಿಲ್ಲ.
ಸೂಕ್ತ ಶೀರ್ಷಿಕೆಯಡಿ ಮರುಸಲ್ಲಿಸುವುದು.’
ಅಣಬೆ ಬೇಸಾಯ ಎಂದು ತಿದ್ದಿದೆ.
ಮೊದಲ ಕಂತು ಮಾರ್ಚ್ ಇಪ್ಪತ್ತಾರಕ್ಕೆ,
ಮೂವತ್ತೊಂದರೊಳಗೆ ಖರ್ಚು ತೋರಿಸಿ ಎಂಬ ಚೀಟಿಯೊಡನೆ.

ಐದು ದಿನ.
ದೀಪದ ಮನೆಯ ಕಿಟಕಿಗೆ ಗೋಣಿ ಹೊಡೆದೆವು.
ಹುಲ್ಲು ಕೊಚ್ಚಿ, ಬೇಯಿಸಿ, ಆರಿಸಿ, ಬೀಜ ಬೆರೆಸಿ
ಚೀಲ ಕಟ್ಟಿ ತೂಗುಹಾಕಿದೆವು.
ಗುರುತಿಗೆ ಚೀಲಕ್ಕೊಂದು ಬಿಲ್ಲೆ.
ನಲವತ್ತೊಂದರ ಬಿಲ್ಲೆಗೆ ಕೈ ಹಾಕಿದಾಗ
ಅಪ್ಪ ಬೇಡ ಎಂದ, ಅಷ್ಟೇ.
ಅದು ಆ ಮಧ್ಯಾಹ್ನದಿಂದ ಕೊಕ್ಕೆಯಲ್ಲೇ ಇದೆ.
ಬೋರಲಿಂಗಣ್ಣನ ತಮ್ಮನದು.

ಮೊದಲ ಕೊಯ್ಲು ಹನ್ನೊಂದು ಕಿಲೋ.
ಅದಿರಿನ ಮಾದರಿ ತೂಗುತ್ತಿದ್ದ ತಕ್ಕಡಿಯಲ್ಲಿ
ಕಿವಿಯಂತೆ ಬಿಳಿ, ಮೆತ್ತಗೆ.
ಬೋರಲಿಂಗಣ್ಣ ಟಾರ್ಚು ಬೇಡ ಎಂದ,
ಬೆರಳಲ್ಲೇ ಹುಡುಕಿ, ತಿರುಚಿ, ಬಿಡಿಸಿದ.
ಹಾಸನದ ಆರು ಗಂಟೆ ಬಸ್ಸಿಗೆ ಹದಿನೈದು ರೂಪಾಯಿ ಲಗೇಜು,
ಆ ಚೀಟಿಯನ್ನೂ ವೋಚರಿಗೆ ಅಂಟಿಸಿದೆ.

ಹಣ ಬಳಕೆ ಪ್ರಮಾಣಪತ್ರದ ಕೊನೆಯ ಸಾಲು:
ಬಾಕಿ ಏನೂ ಉಳಿದಿರುವುದಿಲ್ಲ.
ಅಪ್ಪನಿಗೆ ಓದಿ ಹೇಳಿದೆ.
ಅವನು ಗೋಡೆ ನೋಡಿದ. ನಾನು ಸಹಿ ಮಾಡಿದೆ.

ಎರಡನೇ ಕಂತು ಇನ್ನೂ ಬಂದಿಲ್ಲ.
ಹೊಸ ಚೀಲಗಳ ಒಳಗೆ ಬಿಳಿ ಹಬ್ಬುತ್ತಿದೆ,
ಒಳಗೆ ಬರೋರು ಬನ್ನಿ, ಬೇಗ ಬಾಗಿಲು ಹಾಕಿ,
ಬೆಳಕು ನುಗ್ತದೆ.